ಸಣ್ಣ ಎಂಜಿನ್ನಿನ ಏರುಪೇರು

ಮಲೆನಾಡು ಮತ್ತು ಕರಾವಳಿಯ ತೋಟಗಳಲ್ಲಿ ದುಡಿಯುವ ಸಣ್ಣ ಪೆಟ್ರೋಲ್ ಎಂಜಿನ್ನುಗಳಲ್ಲಿ ಹೆಚ್ಚಿನವು ವರ್ಷದ ಬಹುಭಾಗವನ್ನು ಕೊಟ್ಟಿಗೆಯ ಮೂಲೆಯಲ್ಲೇ ಕಳೆಯುತ್ತವೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಪಂಪು ಮಳೆ ಹಿಡಿಯುವ ಮುನ್ನ ಒಮ್ಮೆ, ಮಳೆಯ ನಡುವಿನ ಬಿಡುವಿನಲ್ಲಿ ಇನ್ನೊಂದೆರಡು ಸಲ ಹೊರಬರುತ್ತದೆ. ಹುಲ್ಲು ಹೊಡೆಯುವ ವೀಡ್ ಕಟ್ಟರ್ ಮಳೆ ಬಿಟ್ಟ ಮೇಲೆ ಕೆಲವು ವಾರ ಮೊರೆದು ಸುಮ್ಮನಾಗುತ್ತದೆ. ಮನೆಯ ಜನರೇಟರ್ ಗಾಳಿಮಳೆಗೆ ವಿದ್ಯುತ್ ಕಂಬ ಉರುಳಿದ ದಿನಗಳಲ್ಲಷ್ಟೇ ನೆನಪಾಗುತ್ತದೆ. ಇಂಥ ದೀರ್ಘ ಬಿಡುವಿನ ನಂತರ ಹಗ್ಗ ಎಳೆದಾಗ ಎಂಜಿನ್ ಹೊತ್ತಿಕೊಂಡರೂ ಒಂದೇ ಹದದಲ್ಲಿ ಓಡದೆ, ಏರುತ್ತ ಇಳಿಯುತ್ತ, ನಿಂತೇಹೋಯಿತು ಎನ್ನುವಷ್ಟರಲ್ಲಿ ಮತ್ತೆ ಚೇತರಿಸಿಕೊಳ್ಳುತ್ತ ಓಡುವುದು ಸಾಮಾನ್ಯ ದೂರು. ಪೂರ್ತಿ ಕೆಟ್ಟು ನಿಂತ ಎಂಜಿನ್ನನ್ನು ದುರಸ್ತಿಗೆ ಕೊಂಡೊಯ್ಯದೆ ಗತ್ಯಂತರವಿಲ್ಲ. ಅರೆಬರೆ ಓಡುವ ಎಂಜಿನ್ನನ್ನಾದರೋ ಮಾಲೀಕ ತಾನೇ ಸರಿಪಡಿಸಲು ಹೊರಡುತ್ತಾನೆ, ಮತ್ತು ಅವನ ಕೈ ಮೊದಲು ಹೋಗುವುದು ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬುರೇಟರಿನ ತಿರುಪಿನತ್ತ. ಬಹಳಷ್ಟು ಸಲ ಅಲ್ಲಿ ಕೈಯಿಡುವ ಅಗತ್ಯವೇ ಇರುವುದಿಲ್ಲ ಎಂದರೆ ಅನುಭವಿ ಮೆಕ್ಯಾನಿಕ್‌ಗಳು ಅಲ್ಲಗಳೆಯಲಾರರು. ಏರುಪೇರಿಗೂ ಒಂದು ಲಯವಿರುತ್ತದೆ. ಅದನ್ನು ಕಿವಿಗೊಟ್ಟು ಕೇಳಿ, ಯಾವ ಹೊತ್ತಿನಲ್ಲಿ ಮತ್ತು ಯಾವ ಭಾರದಲ್ಲಿ ಅದು ಕಾಣಿಸಿಕೊಳ್ಳುತ್ತದೆ ಎಂಬುದನ್ನು ಗಮನಿಸಿದರೆ ದೋಷದ ನೆಲೆ ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ಬಹುಮಟ್ಟಿಗೆ ತಿಳಿಯುತ್ತದೆ.

ಪೆಟ್ರೋಲ್ ಎಂಜಿನ್ ಸಮನಾಗಿ ಓಡಲು ಮೂರು ಸಂಗತಿಗಳು ಪ್ರತಿ ಆವರ್ತದಲ್ಲೂ ಕೂಡಿಬರಬೇಕು: ತಕ್ಕ ಪ್ರಮಾಣದಲ್ಲಿ ಬೆರೆತ ಪೆಟ್ರೋಲ್ ಮತ್ತು ಗಾಳಿ, ಆ ಮಿಶ್ರಣವನ್ನು ಸೋರಗೊಡದೆ ಒತ್ತಿಹಿಡಿಯುವ ಸಿಲಿಂಡರ್, ಸರಿಯಾದ ಕ್ಷಣದಲ್ಲಿ ಸಿಡಿಯುವ ಕಿಡಿ. ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ಈ ಅಳತೆಗಿಂತ ಪೆಟ್ರೋಲ್ ಕಡಿಮೆಯಾದ ಮಿಶ್ರಣವನ್ನು ತೆಳು ಮಿಶ್ರಣವೆಂದೂ ಹೆಚ್ಚಾದುದನ್ನು ದಟ್ಟ ಮಿಶ್ರಣವೆಂದೂ ಇಲ್ಲಿ ಕರೆಯಲಾಗಿದೆ. ಕಾರಿನಂಥ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಸಿಲಿಂಡರ್ ಒಂದು ಸಲ ತಪ್ಪಿದರೂ ಉಳಿದ ಮೂರು ಆ ಕೊರತೆಯನ್ನು ತುಂಬಿಕೊಡುತ್ತವೆ; ಸಣ್ಣ ಎಂಜಿನ್ನಿಗಾದರೋ ಇರುವುದು ಒಂದೇ ಸಿಲಿಂಡರ್, ಒಂದು ದಹನಕ್ಕೂ ಮುಂದಿನ ದಹನಕ್ಕೂ ನಡುವೆ ಅದನ್ನು ತಿರುಗಿಸುತ್ತಿರುವುದು ಫ್ಲೈವೀಲ್ ಎಂಬ ಭಾರದ ಚಕ್ರದ ವೇಗವೊಂದೇ. ಎರಡು ಸುತ್ತಿಗೆ ಒಮ್ಮೆ ದಹನ ನಡೆಯುವ ಫೋರ್ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 25 ದಹನಗಳಾಗುತ್ತವೆ, ಅವುಗಳಲ್ಲಿ ಒಂದೆರಡು ತಪ್ಪಿದರೂ ಕಿವಿಗೆ ತಿಳಿಯುತ್ತದೆ. ದೊಡ್ಡ ಎಂಜಿನ್ ಮುಚ್ಚಿಟ್ಟುಕೊಳ್ಳುವ ದೋಷಗಳನ್ನು ಸಣ್ಣ ಎಂಜಿನ್ ಹೀಗೆ ಕೂಗಿ ಹೇಳುತ್ತದೆ.

ಆ ಕೂಗಿನಲ್ಲಿ ಮುಖ್ಯವಾಗಿ ಮೂರು ಬಗೆಗಳನ್ನು ಗುರುತಿಸಬಹುದು. ಒಂದೆರಡು ಸೆಕೆಂಡಿಗೊಮ್ಮೆ ವೇಗ ಏರಿ, ಇಳಿದು, ಮತ್ತೆ ಅದೇ ಅಂತರದಲ್ಲಿ ಏರುವ ನಿಯಮಿತ ಏರಿಳಿತ ಮೊದಲನೆಯದು. ಇದಕ್ಕೆ ತಂತ್ರಜ್ಞರು ಹಂಟಿಂಗ್ ಎನ್ನುತ್ತಾರೆ, ಮೂಲ ಬಹುಪಾಲು ಮಿಶ್ರಣದಲ್ಲಿರುತ್ತದೆ. ಯಾವ ಕ್ರಮವೂ ಇಲ್ಲದೆ ನಡುನಡುವೆ ಒಂದು ಹೊಡೆತ ತಪ್ಪಿಹೋಗುವುದು ಎರಡನೆಯದು. ಗ್ಯಾರೇಜಿನ ಮಾತಿನಲ್ಲಿ ಇದು ಮಿಸ್ಸಿಂಗ್, ಇಲ್ಲಿ ಮೊದಲ ಸಂಶಯ ಕಿಡಿಯ ಮೇಲೆ. ಹತ್ತು ಹದಿನೈದು ನಿಮಿಷ ಚೆನ್ನಾಗಿಯೇ ಓಡಿ, ಆಮೇಲೆ ಏದುಸಿರು ಬಿಡತೊಡಗುವುದು ಮೂರನೆಯದು. ಬಿಸಿಯಾದ ಮೇಲೆ ಕೈಕೊಡುವ ಭಾಗ ಅಥವಾ ನಿಧಾನವಾಗಿ ಕಟ್ಟಿಕೊಳ್ಳುವ ಇಂಧನದ ದಾರಿ ಇದಕ್ಕೆ ಕಾರಣ. ಈ ಮೂರರಲ್ಲಿ ಜನರನ್ನು ಹೆಚ್ಚು ದಾರಿತಪ್ಪಿಸುವುದು ಮೊದಲನೆಯದು, ಏಕೆಂದರೆ ಅಲ್ಲಿ ಅಪರಾಧಿಯಂತೆ ಕಾಣುವ ಭಾಗ ಬಹುತೇಕ ನಿರಪರಾಧಿಯಾಗಿರುತ್ತದೆ.

ಆ ಭಾಗವೆಂದರೆ ಗವರ್ನರ್. ಎಂಜಿನ್ನಿನ ಮೇಲೆ ಬೀಳುವ ಭಾರ ಹೆಚ್ಚಾಗಲಿ ಕಡಿಮೆಯಾಗಲಿ, ವೇಗ ನಿಗದಿತ ಮಟ್ಟದಲ್ಲೇ ನಿಲ್ಲುವಂತೆ ನೋಡಿಕೊಳ್ಳುವ ಈ ಸಾಧನ ಜನರೇಟರ್, ನೀರಿನ ಪಂಪು, ಸಿಂಪಡಣಾ ಪಂಪುಗಳ ಫೋರ್ ಸ್ಟ್ರೋಕ್ ಎಂಜಿನ್ನುಗಳಲ್ಲಿ ಇದ್ದೇ ಇರುತ್ತದೆ. ಎಂಜಿನ್ನಿನ ಒಳಗೆ ಗಿರಕಿ ಹೊಡೆಯುವ ಪುಟ್ಟ ತೂಕದ ತುಂಡುಗಳು ವೇಗ ಹೆಚ್ಚಿದಂತೆ ಹೊರಕ್ಕೆ ಚಾಚಿಕೊಂಡು ಒಂದು ಸನ್ನೆಯನ್ನು ತಳ್ಳುತ್ತವೆ, ಆ ಸನ್ನೆ ಕಾರ್ಬುರೇಟರಿನ ಥ್ರಾಟಲನ್ನು, ಅಂದರೆ ಒಳಹೋಗುವ ಮಿಶ್ರಣದ ದಾರಿಯನ್ನು ತೆರೆದು ಮುಚ್ಚುವ ದುಂಡು ಬಿಲ್ಲೆಯನ್ನು, ಮುಚ್ಚುವತ್ತ ಎಳೆಯುತ್ತದೆ. ವೇಗ ತಗ್ಗಿದರೆ ಸ್ಪ್ರಿಂಗೊಂದು ಅದೇ ಬಿಲ್ಲೆಯನ್ನು ತೆರೆಯುವತ್ತ ಎಳೆಯುತ್ತದೆ. ಜೇಮ್ಸ್ ವಾಟ್ 1788ರಲ್ಲಿ ತನ್ನ ಉಗಿ ಎಂಜಿನ್ನಿಗೆ ಅಳವಡಿಸಿದ ತಿರುಗುಗುಂಡಿನ ಗವರ್ನರಿನ ತತ್ತ್ವವೇ ಇಂದಿನ ಸಣ್ಣ ಜನರೇಟರಿನಲ್ಲೂ ಕೆಲಸ ಮಾಡುತ್ತಿದೆ. ಆದರೆ ಅಂಥ ಗವರ್ನರ್‌ಗಳು ಕೆಲವು ಯಂತ್ರಗಳಲ್ಲಿ ವೇಗವನ್ನು ಸ್ಥಿರಗೊಳಿಸುವ ಬದಲು ತಾವೇ ಅದನ್ನು ತೂಗಾಡಿಸುತ್ತವೆ ಎಂಬುದು ಹತ್ತೊಂಬತ್ತನೆಯ ಶತಮಾನದ ಎಂಜಿನಿಯರುಗಳನ್ನು ಬಹಳ ಕಾಲ ಕಾಡಿತ್ತು. ವಿದ್ಯುತ್ಕಾಂತೀಯ ಸಿದ್ಧಾಂತದಿಂದ ಹೆಸರಾದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿ ಗವರ್ನರ್‌ಗಳನ್ನೇ ಕುರಿತು ಬರೆದ ಪ್ರಬಂಧದಲ್ಲಿ, ಸಣ್ಣದೊಂದು ಕದಲಿಕೆ ಯಾವ ಸ್ಥಿತಿಯಲ್ಲಿ ತಾನಾಗಿ ಅಡಗುತ್ತದೆ, ಯಾವ ಸ್ಥಿತಿಯಲ್ಲಿ ಬೆಳೆಯುತ್ತ ಹೋಗುತ್ತದೆ ಎಂಬುದನ್ನು ಗಣಿತದ ಮೂಲಕ ತೋರಿಸಿದನು. ನಿಯಂತ್ರಣ ವಿಜ್ಞಾನವೆಂಬ ಶಾಖೆಯ ಆರಂಭವನ್ನು ಹಲವರು ಆ ಪ್ರಬಂಧದಲ್ಲಿ ಕಾಣುತ್ತಾರೆ. ತೋಟದ ಪಂಪಿನ ಏರಿಳಿತಕ್ಕೆ ಇಷ್ಟು ದೊಡ್ಡ ವಂಶಾವಳಿ ಇದೆ.

ಏರಿಳಿತ ಹುಟ್ಟುವ ಬಗೆ ಹೀಗಿದೆ. ಮಿಶ್ರಣ ತೆಳುವಾದಾಗ ದಹನ ದುರ್ಬಲವಾಗಿ ವೇಗ ತಗ್ಗುತ್ತದೆ. ಅದನ್ನು ಕಂಡ ಗವರ್ನರ್ ಥ್ರಾಟಲನ್ನು ಅಗಲಿಸುತ್ತದೆ. ಅಗಲಿಸಿದಾಗ ಕಾರ್ಬುರೇಟರಿನ ಬೇರೊಂದು ರಂಧ್ರದಿಂದಲೂ ಪೆಟ್ರೋಲ್ ಬರತೊಡಗಿ ಎಂಜಿನ್ ಒಮ್ಮೆಲೇ ಚುರುಕಾಗಿ ನಿಗದಿತ ವೇಗವನ್ನು ದಾಟುತ್ತದೆ. ಗವರ್ನರ್ ಥ್ರಾಟಲನ್ನು ಮತ್ತೆ ಮುಚ್ಚಿದೊಡನೆ ಮೊದಲಿನ ತೆಳು ಮಿಶ್ರಣವೇ ಮರಳುತ್ತದೆ. ಹಾಲು ಉಕ್ಕುವುದನ್ನು ಕಂಡು ಉರಿ ತಗ್ಗಿಸಿ, ತಣಿಯಿತೆಂದು ಉರಿ ಏರಿಸಿ, ಪ್ರತಿ ಸಲವೂ ಒಂದು ಗಳಿಗೆ ತಡವಾಗುವ ಅಡುಗೆಯವರ ಸ್ಥಿತಿ ಗವರ್ನರಿನದು. ಅದು ತನ್ನ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡುತ್ತಿರುತ್ತದೆ, ಅದರ ಅಂಕೆಗೆ ಸಿಗದಿರುವುದು ಪೆಟ್ರೋಲಿನ ಪೂರೈಕೆ. ಜನರೇಟರಿನಲ್ಲಿ ಇದರ ಪರಿಣಾಮ ಕಣ್ಣಿಗೂ ಕಾಣುತ್ತದೆ. ಸಾಮಾನ್ಯ ಪೆಟ್ರೋಲ್ ಜನರೇಟರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ 50 ಹರ್ಟ್ಸ್ ವಿದ್ಯುತ್ ಹುಟ್ಟುತ್ತದೆ. ವೇಗ 2700 ಮತ್ತು 3300ರ ನಡುವೆ ತೂಗಾಡಿದರೆ ವಿದ್ಯುತ್ತಿನ ಆವರ್ತನವೂ 45 ಮತ್ತು 55ರ ನಡುವೆ ತೂಗಾಡುತ್ತದೆ, ದೀಪಗಳು ಉಸಿರಾಡಿದಂತೆ ಮಂಕಾಗಿ ಬೆಳಗುತ್ತವೆ.

ಇಲ್ಲಿ ನಿರ್ಣಾಯಕವಾದ ಒಂದು ಸೂಚನೆ ಅಡಗಿದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬರುವ ದಾರಿಗಳು ಎರಡು: ಥ್ರಾಟಲ್ ಬಹುತೇಕ ಮುಚ್ಚಿದ್ದಾಗ ಪೂರೈಸುವ ಪೈಲಟ್ ಜೆಟ್, ಥ್ರಾಟಲ್ ಅಗಲವಾದ ಮೇಲೆ ಪೂರೈಸುವ ಮೇನ್ ಜೆಟ್. ಜೆಟ್ ಎಂದರೆ ಕರಾರುವಾಕ್ಕಾದ ರಂಧ್ರ ಕೊರೆದ ಪುಟ್ಟ ಹಿತ್ತಾಳೆಯ ತುಂಡು. ಭಾರವಿಲ್ಲದೆ ಓಡುವ ಜನರೇಟರಿನ ವೇಗ 3000 ಸುತ್ತಿನಷ್ಟಿದ್ದರೂ ಅದರ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ, ಏಕೆಂದರೆ ಬರಿದೇ ತಿರುಗಲು ಅಷ್ಟು ಮಿಶ್ರಣ ಸಾಕು. ಆದ್ದರಿಂದ ಆಗ ಎಂಜಿನ್ ನೆಚ್ಚಿಕೊಂಡಿರುವುದು ಪೈಲಟ್ ಜೆಟ್ಟನ್ನು. ಭಾರವಿಲ್ಲದಾಗ ಏರಿಳಿಯುವ ಎಂಜಿನ್, ಇಸ್ತ್ರಿಪೆಟ್ಟಿಗೆಯನ್ನೋ ಮೋಟರನ್ನೋ ಜೋಡಿಸಿದೊಡನೆ ಸಮನಾಗಿ ಓಡತೊಡಗಿದರೆ ಕಟ್ಟಿಕೊಂಡಿರುವುದು ಪೈಲಟ್ ಜೆಟ್ ಎಂದು ಬಹುಮಟ್ಟಿಗೆ ನಿಶ್ಚಯಿಸಬಹುದು. ಭಾರ ಬಿದ್ದಾಗಲೇ ಕುಸಿಯುವ ಎಂಜಿನ್ನಿನ ದೋಷ ಮೇನ್ ಜೆಟ್ಟಿನಲ್ಲಿ, ಇಲ್ಲವೇ ಟ್ಯಾಂಕಿನಿಂದ ಕಾರ್ಬುರೇಟರಿನವರೆಗಿನ ದಾರಿಯಲ್ಲಿ ಇರುತ್ತದೆ.

ಮಿಶ್ರಣ ತೆಳುವಾಗಿದೆಯೇ ಎಂಬುದನ್ನು ಯಾವ ಉಪಕರಣವೂ ಇಲ್ಲದೆ ಪರೀಕ್ಷಿಸಲು ಎಂಜಿನ್ನಿನಲ್ಲೇ ಒಂದು ಸೌಕರ್ಯವಿದೆ, ಅದು ಚೋಕ್. ತಣ್ಣಗಿನ ಎಂಜಿನ್ ಹೊತ್ತಿಕೊಳ್ಳಲೆಂದು ಗಾಳಿಯ ದಾರಿಯನ್ನು ಮುಚ್ಚಿ ಪೆಟ್ರೋಲಿನ ಪಾಲನ್ನು ಹೆಚ್ಚಿಸುವ ಈ ಬಿಲ್ಲೆಯನ್ನು, ಎಂಜಿನ್ ಬಿಸಿಯಾಗಿ ಏರಿಳಿಯುತ್ತಿರುವಾಗ ಮೆಲ್ಲನೆ ಅರ್ಧದಷ್ಟು ಮುಚ್ಚಿ ನೋಡಬೇಕು. ಏರಿಳಿತ ನಿಂತು ಸದ್ದು ಸಮವಾದರೆ ಮಿಶ್ರಣ ತೆಳುವಾಗಿತ್ತು ಎಂದರ್ಥ: ಪೆಟ್ರೋಲ್ ಕಡಿಮೆ ಬರುತ್ತಿದೆ, ಅಥವಾ ಬೇಡದ ಗಾಳಿ ಎಲ್ಲಿಂದಲೋ ನುಸುಳುತ್ತಿದೆ. ಎಂಜಿನ್ ಇನ್ನಷ್ಟು ತಡವರಿಸಿ ಕಪ್ಪು ಹೊಗೆ ಉಗುಳಿದರೆ ಮಿಶ್ರಣ ಮೊದಲೇ ದಟ್ಟವಾಗಿದೆ; ಎಣ್ಣೆ-ಧೂಳು ಮೆತ್ತಿ ಉಸಿರುಗಟ್ಟಿದ ಏರ್ ಫಿಲ್ಟರನ್ನೋ, ಪೂರ್ತಿ ತೆರೆದುಕೊಳ್ಳದ ಚೋಕನ್ನೋ, ಕಾರ್ಬುರೇಟರಿಗೆ ಬರುವ ಪೆಟ್ರೋಲನ್ನು ತಡೆಯಬೇಕಾದರೂ ಮುಚ್ಚಿಕೊಳ್ಳದ ಫ್ಲೋಟ್ ಸೂಜಿಯನ್ನೋ ನೋಡಬೇಕು. ಏನೂ ವ್ಯತ್ಯಾಸವಾಗದಿದ್ದರೆ ಗಮನ ಕಿಡಿಯತ್ತ ಹೊರಳಬೇಕು. ಅರ್ಧ ಚೋಕ್‌ನಲ್ಲಿ ಸದ್ದು ಸರಿಯಾಯಿತೆಂದು ಇಡೀ ಹಂಗಾಮನ್ನು ಹಾಗೆಯೇ ಓಡಿಸುವವರಿದ್ದಾರೆ. ಅದು ಪತ್ತೆಯ ಉಪಾಯವೇ ಹೊರತು ಚಿಕಿತ್ಸೆಯಲ್ಲ, ಭಾರ ಬಿದ್ದಾಗ ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದು ರಿಂಗ್‌ಗಳನ್ನು ಸವೆಸುತ್ತದೆ.

ಪೈಲಟ್ ಜೆಟ್ ಕಟ್ಟಿಕೊಳ್ಳಲು ಕಸವೇ ಬರಬೇಕೆಂದಿಲ್ಲ. ಕಾರ್ಬುರೇಟರಿನ ತಳದ ಬಟ್ಟಲಿನಲ್ಲಿ ಉಳಿದ ಪೆಟ್ರೋಲಿನ ಹಗುರ ಅಂಶಗಳು ತಿಂಗಳುಗಳ ಅವಧಿಯಲ್ಲಿ ಆರಿಹೋಗುತ್ತವೆ, ಉಳಿದ ಅಂಶ ಗಾಳಿಯ ಆಮ್ಲಜನಕದೊಡನೆ ಸೇರಿ ಅಂಟಾಗಿ, ಕೊನೆಗೆ ವಾರ್ನಿಷ್‌ನಂಥ ಪದರವಾಗಿ ಗಟ್ಟಿಯಾಗುತ್ತದೆ. ಪೈಲಟ್ ಜೆಟ್ಟಿನ ರಂಧ್ರ ಅರ್ಧ ಮಿಲಿಮೀಟರಿಗಿಂತಲೂ ಕಿರಿದಾದ್ದರಿಂದ ಈ ತೆಳುಪದರವೇ ಅದನ್ನು ಕಟ್ಟಿಬಿಡಲು ಸಾಕು. ಬಟ್ಟಲನ್ನು ಬಿಚ್ಚಿದಾಗ ಮೂಗಿಗೆ ತಾಜಾ ಪೆಟ್ರೋಲಿನ ಬದಲು ಹಳೆಯ ಬಣ್ಣದ ಡಬ್ಬಿಯಂಥ ಹುಳಿವಾಸನೆ ಬಡಿದು, ತಳದಲ್ಲಿ ಚಹಾದ ಬಣ್ಣದ ಅಂಟು ಬೆರಳಿಗೆ ಹತ್ತಿದರೆ ಕಾರಣ ಹುಡುಕಲು ಮುಂದೆ ಹೋಗಬೇಕಾಗಿಲ್ಲ. ಜೆಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ ರಂಧ್ರದಲ್ಲಿ ದುಂಡಗಿನ ಸ್ವಚ್ಛ ಬೆಳಕಿನ ಚುಕ್ಕೆ ಕಾಣಬೇಕು. ಅಂಚು ಮಸುಕಾಗಿ ಅಥವಾ ಅರ್ಧಚಂದ್ರದಂತೆ ಕಂಡರೆ ಇನ್ನೂ ಕೊಳೆಯಿದೆ. ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ, ನೆನೆಸಿಟ್ಟು, ಗಾಳಿಯ ಒತ್ತಡದಿಂದ ಊದಿ ಸ್ವಚ್ಛಗೊಳಿಸುವುದು ಸರಿಯಾದ ಕ್ರಮ. ಉಕ್ಕಿನ ತಂತಿಯನ್ನೋ ಸೂಜಿಯನ್ನೋ ತೂರಿಸಿ ಕೆದಕುವುದು ಊರೂರಿನಲ್ಲೂ ಕಾಣುವ ಅಭ್ಯಾಸ, ಹಿತ್ತಾಳೆ ಮೃದುವಾದ್ದರಿಂದ ರಂಧ್ರ ಅದಕ್ಕೆ ಅಗಲವಾಗುತ್ತದೆ: 0.40 ಮಿಲಿಮೀಟರಿನ ರಂಧ್ರ 0.44 ಆದರೆ ಅದರ ವಿಸ್ತೀರ್ಣ ಶೇಕಡಾ 21ರಷ್ಟು ಹೆಚ್ಚುತ್ತದೆ, ಎಂಜಿನ್ ಮುಂದೆಂದೂ ಹದವಾಗಿ ಓಡದಷ್ಟು ಪೆಟ್ರೋಲ್ ಅಲ್ಲಿಂದ ಬರತೊಡಗುತ್ತದೆ. ಕೆದಕಲೇಬೇಕಾದರೆ ವಿದ್ಯುತ್ ತಂತಿಯೊಳಗಿನ ಒಂದೇ ಒಂದು ತಾಮ್ರದ ಎಳೆ ಸಾಕು.

ಇತ್ತೀಚಿನ ವರ್ಷಗಳಲ್ಲಿ ಈ ತೆಳು ಮಿಶ್ರಣದ ತೊಂದರೆಗೆ ಇಂಧನವೂ ತನ್ನ ಪಾಲನ್ನು ಸೇರಿಸಿದೆ. ಶೇಕಡಾ 20ರಷ್ಟು ಎಥನಾಲ್ ಬೆರೆತ ಇ-20 ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಚಾಲನೆ ದೊರೆಯಿತು. ಈಗ ಬಂಕುಗಳಲ್ಲಿ ಸಿಗುವುದು ಬಹುತೇಕ ಅದೇ. ಎಥನಾಲಿನ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಅದು ಉರಿಯಲು ಬೇಕಾದ ಗಾಳಿ ತೂಕದ ಸುಮಾರು 9 ಪಟ್ಟು ಮಾತ್ರ. ಹೀಗಾಗಿ ಇ-20ಕ್ಕೆ ಬೇಕಾದ ಗಾಳಿಯ ಪ್ರಮಾಣ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಹೊಸ ಕಾರು ಬೈಕುಗಳಲ್ಲಿ ಹೊಗೆಯಲ್ಲಿನ ಆಮ್ಲಜನಕವನ್ನು ಅಳೆದು ಇಂಧನವನ್ನು ಹೊಂದಿಸುವ ವ್ಯವಸ್ಥೆಯಿದೆ. ಹಳೆಯ ಪಂಪಿನ ಕಾರ್ಬುರೇಟರ್‌ಗೆ ಅಂಥ ಅರಿವಿಲ್ಲ, ಶುದ್ಧ ಪೆಟ್ರೋಲಿಗೆಂದು ಕೊರೆದ ರಂಧ್ರದಿಂದ ಅದು ಅಷ್ಟೇ ಇಂಧನವನ್ನು ಬಿಡುತ್ತದೆ, ಮಿಶ್ರಣ ಆ ಮಟ್ಟಿಗೆ ತೆಳುವಾಗುತ್ತದೆ. ಜೆಟ್ ಸ್ವಚ್ಛವಾಗಿರುವ ಎಂಜಿನ್ ಇಷ್ಟನ್ನು ಸಹಿಸಿಕೊಳ್ಳಬಹುದು; ಮೊದಲೇ ಅರ್ಧ ಕಟ್ಟಿಕೊಂಡಿದ್ದಲ್ಲಿ ಏರಿಳಿತ ಶುರುವಾಗುವುದು ಈ ಕೊನೆಯ ಕೊರತೆಯಿಂದಲೇ.

ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ ಎಂಬುದು ಮಳೆನಾಡಿನಲ್ಲಿ ಇನ್ನೂ ದೊಡ್ಡ ಸಂಗತಿ. ಸಡಿಲ ಮುಚ್ಚಳದಿಂದ, ತುಕ್ಕು ಹಿಡಿದ ಕ್ಯಾನಿನಿಂದ ಅಥವಾ ಮಳೆಯಲ್ಲಿ ಟ್ಯಾಂಕ್ ತುಂಬಿಸಿದ್ದರಿಂದ ನೀರು ಸೇರಿ ಒಂದು ಮಿತಿ ದಾಟಿತೆಂದರೆ, ಎಥನಾಲ್ ಆ ನೀರಿನೊಡನೆ ಕೂಡಿಕೊಂಡು ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ; ಇಂಧನದ ನಳಿಕೆ ಹೀರುವುದೂ ತಳದಿಂದಲೇ. ಎರಡು ಗುಟುಕು ನೀರು, ಒಂದು ಗುಟುಕು ಪೆಟ್ರೋಲ್ ಕುಡಿಯುವ ಎಂಜಿನ್ ಸಮನಾಗಿ ಓಡುವುದಾದರೂ ಹೇಗೆ? ಬಿಳಿ ಗಾಜಿನ ಬಾಟಲಿಗೆ ಟ್ಯಾಂಕಿನ ಅಡಿಯಿಂದ ಒಂದಿಷ್ಟು ಇಂಧನ ಇಳಿಸಿ ಸ್ವಲ್ಪ ಹೊತ್ತು ಅಲುಗಿಸದೆ ಇಟ್ಟರೆ, ಬೇರ್ಪಟ್ಟಿದ್ದಲ್ಲಿ ನಡುವೆ ಗೆರೆ ಎಳೆದಂತೆ ಎರಡು ಪದರಗಳು ಕಾಣುತ್ತವೆ. ಅಂಥ ಇಂಧನವನ್ನು ಸೋಸಿ ಬಳಸುವುದು ವ್ಯರ್ಥ ಸಾಹಸ, ಪೂರ್ತಿ ತೆಗೆದುಹಾಕುವುದೊಂದೇ ದಾರಿ.

ಪೆಟ್ರೋಲಿನ ದಾರಿಯೆಲ್ಲ ಸರಿಯಿದ್ದೂ ಮಿಶ್ರಣ ತೆಳುವಾದರೆ ಗಾಳಿ ಕದ್ದು ನುಸುಳುತ್ತಿದೆ. ಕಾರ್ಬುರೇಟರ್ ಎಂಜಿನ್ನಿಗೆ ಕೂಡುವಲ್ಲಿನ ಗ್ಯಾಸ್ಕೆಟ್ ಹರಿದಿರಬಹುದು, ಅದುರಿ ಅದುರಿ ಬೋಲ್ಟು ಸಡಿಲವಾಗಿರಬಹುದು, ಶಾಖ ತಡೆಯಲು ನಡುವೆ ಇಟ್ಟ ಕಪ್ಪು ಬಿಲ್ಲೆ ಬಿರುಕು ಬಿಟ್ಟಿರಬಹುದು. ಓಡುತ್ತಿರುವ ಎಂಜಿನ್ನಿನ ಆ ಜೋಡಣೆಯ ಸುತ್ತ ಸ್ಪ್ರೇ ಬಾಟಲಿಯಿಂದ ಸ್ವಲ್ಪವೇ ನೀರು ಚಿಮುಕಿಸಿದಾಗ ಸದ್ದು ಕ್ಷಣಕಾಲ ಬದಲಾದರೆ ಸೋರುವ ಜಾಗ ಸಿಕ್ಕಂತೆಯೇ. ಈ ಪರೀಕ್ಷೆಗೆ ಕೆಲವರು ಪೆಟ್ರೋಲನ್ನೇ ಸಿಂಪಡಿಸುತ್ತಾರೆ. ಪಕ್ಕದಲ್ಲೇ ಕಾದ ಸೈಲೆನ್ಸರ್ ಇರುವಾಗ ಇದು ಬೆಂಕಿಯೊಡನೆ ಸರಸ. ಇನ್ನು ಟ್ಯಾಂಕಿನ ಮುಚ್ಚಳದ ಪುಟ್ಟ ಗಾಳಿರಂಧ್ರ ಮಣ್ಣಿನಿಂದ ಮುಚ್ಚಿಹೋದರೆ, ಪೆಟ್ರೋಲ್ ಖಾಲಿಯಾದಂತೆ ಒಳಗೆ ನಿರ್ವಾತ ಹೆಚ್ಚಿ ಹರಿವು ನಿಲ್ಲುತ್ತದೆ. ಸ್ವಲ್ಪ ಹೊತ್ತು ಓಡಿ ಏದುಸಿರು ಬಿಡುವ ಎಂಜಿನ್ನಿನ ಮುಚ್ಚಳವನ್ನು ಒಂದು ಸುತ್ತು ಸಡಿಲಿಸಿ ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ, ಮತ್ತು ಅದು ನೆನಪಾಗುವುದು ಸಾಮಾನ್ಯವಾಗಿ ಎಲ್ಲಕ್ಕಿಂತ ಕೊನೆಯಲ್ಲಿ.

ಕ್ರಮವಿಲ್ಲದ ಮಿಸ್ಸಿಂಗ್‌ನ ವಿಚಾರಣೆ ಕಿಡಿ ಹಾರಿಸುವ ಪ್ಲಗ್ಗಿನಿಂದ ಆರಂಭವಾಗಬೇಕು. ಅದರ ಪಿಂಗಾಣಿಯ ತುದಿ ತಿಳಿಗಂದಾಗಿದ್ದರೆ ದಹನ ಆರೋಗ್ಯವಾಗಿದೆ, ಒಣ ಕಪ್ಪು ಮಸಿ ದಟ್ಟ ಮಿಶ್ರಣದ ಗುರುತು, ಒದ್ದೆ ಜಿಡ್ಡು ಆಯಿಲ್ ಮೇಲೇರುತ್ತಿರುವುದರ ಗುರುತು, ಸುಣ್ಣದಂಥ ಬಿಳುಪು ಅತಿ ಶಾಖದ ಗುರುತು. ಆದರೆ ನಿಧಾನಗತಿಯಲ್ಲಿ ಬಹಳ ಹೊತ್ತು ಓಡಿಸಿ ಬಿಚ್ಚಿದ ಪ್ಲಗ್ ಸುಳ್ಳು ಹೇಳುತ್ತದೆ. ಭಾರದಲ್ಲಿ ದುಡಿಯುತ್ತಿರುವಾಗಲೇ ನಿಲ್ಲಿಸಿ ಬಿಚ್ಚಿದರೆ ಮಾತ್ರ ಅದರ ಬಣ್ಣ ನಂಬಬಹುದಾದ ಸಾಕ್ಷಿ. ಪ್ಲಗ್ ಸರಿಯಿದ್ದರೆ ಅದರ ಟೋಪಿ ಮತ್ತು ದಪ್ಪ ತಂತಿಯನ್ನು ನೋಡಬೇಕು. ಕತ್ತಲಲ್ಲಿ ಓಡಿಸಿದಾಗ ತಂತಿಯ ಮೈಯಿಂದ ಎಂಜಿನ್ನಿಗೆ ನೀಲಿ ಕಿಡಿಯ ಎಳೆ ಹಾರುವುದು ಕಂಡರೆ ಅಲ್ಲಿ ಸೋರಿಕೆಯಿದೆ, ತೇವದ ದಿನಗಳಲ್ಲಿ ಅದು ಹೆಚ್ಚುತ್ತದೆ. ಫ್ಲೈವೀಲಿನಲ್ಲಿ ಹುದುಗಿಸಿದ ಆಯಸ್ಕಾಂತ ಕಾಯಿಲ್‌ನ ಪಕ್ಕದಲ್ಲಿ ಹಾದುಹೋದಾಗ ಕಿಡಿಗೆ ಬೇಕಾದ ವಿದ್ಯುತ್ ಹುಟ್ಟುತ್ತದೆ; ಇವೆರಡರ ನಡುವಿನ ಸಂದು ಸಾಮಾನ್ಯವಾಗಿ 0.3ರಿಂದ 0.4 ಮಿಲಿಮೀಟರಿನ ಆಸುಪಾಸು ಇರುವುದರಿಂದ ಮಳೆಗಾಲದಲ್ಲಿ ಆಯಸ್ಕಾಂತದ ಮೇಲೆ ಏಳುವ ತುಕ್ಕು ಕೂಡ ಲೆಕ್ಕಕ್ಕೆ ಬರುತ್ತದೆ. ತಣ್ಣಗಿದ್ದಾಗ ಸರಿಯಾಗಿದ್ದು ಬಿಸಿಯಾದೊಡನೆ ಕೈಕೊಡುವ ಕಾಯಿಲ್ ಅಪರೂಪವೇನಲ್ಲ. ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ತಂತಿ ಸಿಪ್ಪೆ ಸವೆದು ಲೋಹಕ್ಕೆ ತಾಗಿದರೆ ಪ್ರತಿ ಅದುರಿಗೂ ಎಂಜಿನ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳಲು ಹೊರಡುತ್ತದೆ. ಆಯಿಲ್ ಕಡಿಮೆಯಾದಾಗ ತಾನಾಗಿ ನಿಲ್ಲುವ ವ್ಯವಸ್ಥೆಯಿರುವ ಫೋರ್ ಸ್ಟ್ರೋಕ್ ಪಂಪುಗಳು ತೋಟದ ಇಳಿಜಾರಿನಲ್ಲಿ ಓರೆಯಾಗಿ ಕೂತಾಗ, ಆಯಿಲ್ ಒಂದು ಬದಿಗೆ ಸರಿದ ಕಾರಣಕ್ಕೇ ತಡವರಿಸಿ ನಿಲ್ಲುವುದುಂಟು. ಆಗ ಬೇಕಾದ ದುರಸ್ತಿ ಅಡಿಗೊಂದು ಕಲ್ಲು.

ಕೈಯಲ್ಲಿ ಹಿಡಿದು ಬಳಸುವ ಟೂ ಸ್ಟ್ರೋಕ್ ವೀಡ್ ಕಟ್ಟರ್‌ಗೆ ಈ ವಿವರಣೆಯನ್ನು ಹಾಗೆಯೇ ಅನ್ವಯಿಸುವಂತಿಲ್ಲ. ಅದರಲ್ಲಿ ಸಾಮಾನ್ಯವಾಗಿ ಗವರ್ನರ್ ಇಲ್ಲ, ಪ್ರತಿ ಸುತ್ತಿಗೂ ದಹನ ನಡೆಯುತ್ತದೆ, ಯಾವ ಕೋನದಲ್ಲಿ ಹಿಡಿದರೂ ಪೆಟ್ರೋಲ್ ಬರಲೆಂದು ಫ್ಲೋಟಿನ ಬದಲು ಡಯಾಫ್ರಂ ಎಂಬ ತೆಳುಪೊರೆ ಇರುತ್ತದೆ. ಎಂಜಿನ್ನಿನ ಒಡಲಿನ ಒತ್ತಡದ ಏರಿಳಿತವನ್ನೇ ಬಳಸಿ ಪೆಟ್ರೋಲನ್ನು ಎತ್ತುವ ಈ ಪೊರೆ ವರ್ಷಗಳು ಕಳೆದಂತೆ ಬಿರುಸಾಗಿ ಬಾಗುವುದನ್ನು ಮರೆಯುತ್ತದೆ. ಬೆರಳಿನಿಂದ ಒತ್ತಿದಾಗ ಒಣಗಿದ ಎಲೆಯ ಸದ್ದು ಮಾಡುವ ಪೊರೆಯನ್ನು ಬದಲಿಸದೆ ಬೇರಾವ ಸರ್ಕಸ್ಸೂ ಫಲ ಕೊಡದು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಜಾರಿಕೆಯ ಆಯಿಲ್ ಪೆಟ್ರೋಲಿನೊಡನೆಯೇ ಬೆರೆತು ಬರುತ್ತದೆ: 1:50ರ ಹದಕ್ಕೆ ಲೀಟರಿಗೆ 20 ಮಿಲಿ, 1:25ಕ್ಕೆ 40 ಮಿಲಿ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆಯಾಯಿತೆಂದೇ ಅರ್ಥ. ಎಕ್ಸಿಲರೇಟರ್ ಬಿಟ್ಟ ಮೇಲೂ ವೇಗ ಇಳಿಯದೆ ತಾನಾಗಿ ಏರುತ್ತ, ಕಿರುಚುವ ದನಿಯಲ್ಲಿ ಓಡುವ ವೀಡ್ ಕಟ್ಟರನ್ನು ಒಂದು ಸಾಲು ಮುಗಿಸಿಬಿಡೋಣವೆಂದು ದುಡಿಸಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ಅದು ಗಾಳಿ ನುಸುಳುತ್ತಿರುವುದರ, ಹಲವೊಮ್ಮೆ ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿರುವುದರ ಎಚ್ಚರಿಕೆ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಸದ್ದು ದೋಷವೇ ಅಲ್ಲ. ಹುಲ್ಲಿನಿಂದ ಎತ್ತಿಹಿಡಿದು ಪೂರ್ತಿ ಎಕ್ಸಿಲರೇಟರ್ ಕೊಟ್ಟಾಗ ವೀಡ್ ಕಟ್ಟರ್ ಗೊರಗೊರ ಎಂದು ಒಡೆದ ದನಿಯಲ್ಲಿ ಓಡಿ, ಬ್ಲೇಡು ಹುಲ್ಲಿಗಿಳಿದೊಡನೆ ದನಿ ನಯವಾಗುವುದಿದೆ. ಭಾರವಿಲ್ಲದಾಗ ತುಸು ದಟ್ಟವಾದ ಮಿಶ್ರಣ ಎಲ್ಲ ಸುತ್ತಿನಲ್ಲೂ ಹೊತ್ತಿಕೊಳ್ಳದೆ ಒಂದು ಬಿಟ್ಟು ಒಂದು ಸುತ್ತಿನಲ್ಲಿ ಉರಿಯುವುದರಿಂದ ಈ ಸದ್ದು ಹುಟ್ಟುತ್ತದೆ. ವೇಗ ಮಿತಿಮೀರದಂತೆ, ಆಯಿಲ್ ಕೊರತೆಯಾಗದಂತೆ ಕಾಯುವ ಏರ್ಪಾಡು ಅದು. ಎಂಜಿನ್ ನುಣ್ಣಗೆ ಕೂಗಲಿ ಎಂದು ತಿರುಪು ಬಿಗಿಗೊಳಿಸಿ ಈ ಗೊರಗೊರವನ್ನು ಹೋಗಲಾಡಿಸುವವರು ತಮಗರಿಯದೆಯೇ ಎಂಜಿನ್ನಿನ ಆಯುಷ್ಯವನ್ನು ಕತ್ತರಿಸುತ್ತಾರೆ. ನಿಜವಾದ ದಟ್ಟತನದ ದೋಷವಿದ್ದರೆ ಹುಲ್ಲಿಗಿಳಿದ ಮೇಲೂ ದನಿ ನಯವಾಗದು. ಆಗ ಏರ್ ಫಿಲ್ಟರನ್ನೂ, ಸೈಲೆನ್ಸರ್ ಬಾಯಿಯ ಕಿಡಿತಡೆ ಜಾಲರಿಯಲ್ಲಿ ಕಟ್ಟಿದ ಇಂಗಾಲವನ್ನೂ ತೆಗೆದು ನೋಡಬೇಕು.

ಇಷ್ಟೆಲ್ಲ ಪರೀಕ್ಷೆಗಳನ್ನು ದಾಟಿಯೂ ಏರುಪೇರು ಉಳಿದರೆ ಮಾತ್ರ ಎಂಜಿನ್ನಿನ ಒಳಗನ್ನು ಶಂಕಿಸಬೇಕು. ಫೋರ್ ಸ್ಟ್ರೋಕ್ ಎಂಜಿನ್ನಿನ ವಾಲ್ವ್‌ಗಳಿಗೂ ಅವನ್ನು ಒತ್ತುವ ಸನ್ನೆಗಳಿಗೂ ನಡುವೆ ಕೂದಲೆಳೆಯಷ್ಟು ಬಿಡುವಿರಬೇಕು, ಗ್ಯಾರೇಜಿನಲ್ಲಿ ಇದೇ ಟ್ಯಾಪೆಟ್. ಹೋಂಡಾದ ಜಿಎಕ್ಸ್160 ಎಂಜಿನ್ನಿನ ಹಳೆಯ ಮಾದರಿಗಳಲ್ಲಿ ತಣ್ಣಗಿದ್ದಾಗ ಒಳವಾಲ್ವ್‌ಗೆ 0.15, ಹೊರವಾಲ್ವ್‌ಗೆ 0.20 ಮಿಲಿಮೀಟರ್ ಬಿಡುವು ನಿಗದಿಯಾಗಿದೆ. ಬಿಡುವು ತೀರಾ ಕಡಿಮೆಯಾದರೆ ಬಿಸಿಗೆ ಹಿಗ್ಗಿದ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಒತ್ತಡ ಸೋರುತ್ತದೆ. ಗವರ್ನರಿನ ಸರದಿಯೂ ಈಗಲೇ: ಹೊರಗಿನ ಸನ್ನೆಗಳ ಕೀಲಿನಲ್ಲಿ ಮಣ್ಣು-ಎಣ್ಣೆ ಸೇರಿ ಅಂಟಿಕೊಂಡಿದೆಯೇ, ಸ್ಪ್ರಿಂಗು ಹಿಗ್ಗಿದೆಯೇ ಅಥವಾ ಹಿಂದಿನ ದುರಸ್ತಿಯಲ್ಲಿ ತಪ್ಪು ರಂಧ್ರಕ್ಕೆ ಸಿಕ್ಕಿಸಲಾಗಿದೆಯೇ ಎಂದು ನೋಡಬೇಕು. ಸನ್ನೆಯನ್ನೇ ಕಳಚಿಹಾಕಿ ಏರಿಳಿತವನ್ನು ನಿಲ್ಲಿಸುವ ಉಪಾಯ ಮಾತ್ರ ಸರ್ವಥಾ ಕೂಡದು. ಭಾರ ಕಳಚಿದ ಕ್ಷಣ ಅಂಥ ಎಂಜಿನ್ನಿನ ವೇಗ ಅಂಕೆ ಮೀರಿ ಕನೆಕ್ಟಿಂಗ್ ರಾಡ್ ಮುರಿದು ಹೊರಬರಬಹುದು, ಜನರೇಟರಿಗೆ ಜೋಡಿಸಿದ ಉಪಕರಣಗಳು ಸುಟ್ಟುಹೋಗಬಹುದು. ಬ್ಲೇಡಿನ ಬಳಿ ಕೈ ಹೋಗುವ ಮುನ್ನ ಪ್ಲಗ್ಗಿನ ಟೋಪಿ ತೆಗೆದಿಡುವುದೂ, ಪರೀಕ್ಷೆಗೆಂದು ಎಂಜಿನ್ನನ್ನು ಮುಚ್ಚಿದ ಕೋಣೆಯಲ್ಲಿ ಓಡಿಸದಿರುವುದೂ ಇಂಥ ಎಚ್ಚರಿಕೆಗಳ ಸಾಲಿಗೇ ಸೇರುತ್ತವೆ. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣ ತೆಗೆಯುವ ಶಕ್ತಿ ಮಾತ್ರ ಇದೆ.

ಕಾರ್ಬುರೇಟರಿನ ತಿರುಪಿಗೆ ಕೈಹಾಕುವುದಾದರೆ ಅದು ಎಲ್ಲವೂ ಸ್ವಚ್ಛವಾಗಿ, ಎಂಜಿನ್ ಬಿಸಿಯಾದ ಮೇಲಿನ ಕೊನೆಯ ಕೆಲಸ. ತಿರುಪನ್ನು ಮೊದಲು ಮೃದುವಾಗಿ ಪೂರ್ತಿ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತಿಗೆ ತಳ ಮುಟ್ಟಿತು ಎಂದು ಬರೆದಿಟ್ಟುಕೊಂಡರೆ ಮರಳಿ ಮೊದಲಿನ ಸ್ಥಿತಿಗೆ ಬರುವ ದಾರಿ ಉಳಿಯುತ್ತದೆ. ಬಿಗಿಯಾಗಿ ಒತ್ತಿದರೆ ಅದರ ಸೂಜಿಮೊನೆ ಚಪ್ಪಟೆಯಾಗಿ ಆ ದಾರಿಯೂ ಮುಚ್ಚುತ್ತದೆ. ಹೊಸ ಎಂಜಿನ್ನುಗಳಲ್ಲಿ ಹೊಗೆ ನಿಯಂತ್ರಣದ ನಿಯಮಗಳಿಗಾಗಿ ಈ ತಿರುಪಿಗೆ ಮಿತಿಯ ಟೋಪಿ ಹಾಕಿರುತ್ತಾರೆ. ಅಂಥಲ್ಲಿ ತಿರುಗಿಸಲು ಹೆಚ್ಚೇನೂ ಇಲ್ಲದಿರುವುದು ಒಂದು ಲೆಕ್ಕಕ್ಕೆ ಉಪಕಾರವೇ.

ಹಂಗಾಮು ಮುಗಿದ ದಿನ ವಹಿಸುವ ಸ್ವಲ್ಪ ಶ್ರಮ ಈ ಹುಡುಕಾಟದ ಬಹುಭಾಗವನ್ನು ಇಲ್ಲವಾಗಿಸುತ್ತದೆ. ಫ್ಲೋಟ್ ಕಾರ್ಬುರೇಟರಿನ ಎಂಜಿನ್ನಾದರೆ ಟ್ಯಾಂಕಿನ ನಲ್ಲಿಯನ್ನು ಮುಚ್ಚಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಬಟ್ಟಲಿನ ತಳದ ತಿರುಪು ಸಡಿಲಿಸಿ ಉಳಿದ ಹನಿಗಳನ್ನೂ ಇಳಿಸಬೇಕು. ಡಯಾಫ್ರಂ ಇರುವ ವೀಡ್ ಕಟ್ಟರ್ ಆದರೆ ಟ್ಯಾಂಕ್ ಬರಿದುಮಾಡಿ, ನಳಿಕೆಯಲ್ಲಿ ಉಳಿದದ್ದು ತೀರುವವರೆಗೆ ನಿಧಾನಗತಿಯಲ್ಲಿ ಓಡಿಸಬೇಕು. ಪೆಟ್ರೋಲಿನಲ್ಲಿ ಹೊತ್ತಿಸಿ ಸೀಮೆಎಣ್ಣೆಯಲ್ಲಿ ಓಡಿಸುವ ಹಳೆಯ ಪಂಪುಗಳನ್ನು ನಿಲ್ಲಿಸುವ ಮುನ್ನ ಕೆಲವು ನಿಮಿಷ ಮತ್ತೆ ಪೆಟ್ರೋಲಿನಲ್ಲೇ ಓಡಿಸಿ, ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿಯದಂತೆ ಮಾಡಬೇಕು. ಎಂಜಿನ್ ತಣಿದ ಮೇಲೆ ಪ್ಲಗ್ ಬಿಚ್ಚಿ ಒಳಕ್ಕೆ ಒಂದು ಚಮಚದಷ್ಟು ಆಯಿಲ್ ಬಿಟ್ಟು, ಹಗ್ಗವನ್ನು ನಾಲ್ಕಾರು ಸಲ ಮೆಲ್ಲಗೆ ಎಳೆದು, ಪ್ಲಗ್ ಕೂರಿಸಿದ ನಂತರ ಹಗ್ಗ ಮತ್ತೆ ಎಳೆಯುವಾಗ ಬಿಗಿ ಸಿಗುವ ಜಾಗದಲ್ಲಿ ನಿಲ್ಲಿಸಿದರೆ, ಫೋರ್ ಸ್ಟ್ರೋಕ್ ಎಂಜಿನ್ನಿನ ಎರಡೂ ವಾಲ್ವ್‌ಗಳು ಮುಚ್ಚಿಕೊಂಡು ಮಳೆಗಾಲದ ತೇವ ಸಿಲಿಂಡರಿನ ಒಳಹೋಗಲು ದಾರಿ ಇರುವುದಿಲ್ಲ.